ಎಷ್ಟು ಮಾರು ಆಳ

ಮೊದಲೇ ಹೇಳಿಬಿಡುತ್ತೇನೆ, ನಾನು ಮೀನು ತಿನ್ನುವವನಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ಮೊಟ್ಟೆ ಎಂಬ ಮಾತನ್ನೂ ಅಡುಗೆಮನೆಯಿಂದ ನಾಲ್ಕು ಹೆಜ್ಜೆ ಆಚೆ ನಿಂತು ಆಡುತ್ತಿದ್ದರು. ಅಂಥ ಮನೆಯವನು ದುಬೈಗೆ ಹೋಗಿ, ಚಳಿಗಾಲದ ಮೂರು ತಿಂಗಳು ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಗಾಳದ ಕೋಲು ಹಿಡಿದು ಕಡಲಿನ ಮುಂದೆ ನಿಲ್ಲುತ್ತಿದ್ದೆ. ಬರ್ ದುಬೈನ ನಮ್ಮ ಫ್ಲ್ಯಾಟಿನಿಂದ ಹೊರಡುವಾಗ ಹೆಂಡತಿ ಹೊದಿಕೆಯೊಳಗಿನಿಂದಲೇ ಗೊಣಗುತ್ತಿದ್ದಳು.

"ತಿನ್ನೋದಿಲ್ಲ, ಮಾರೋದಿಲ್ಲ. ಸುಮ್ನೆ ಅದರ ಬಾಯಿಗೆ ಕಬ್ಬಿಣ ಚುಚ್ಚಿ ಬರ್ತೀರಿ. ಇದ್ಯಾವ ಸೀಮೆ ಆಟ ರೀ ನಿಮ್ದು?"

ನ್ಯಾಯವಾಗಿ ನನಗೆ ಆ ಮೀನುಗಳ ಪಾಪ ಕಾಡಬೇಕಿತ್ತು. ಅದು ಕಾಡಲಿಲ್ಲ. ಕಾಡುತ್ತಿರುವುದು ನನಗೆ ಗಾಳ ಹಿಡಿಯಲು ಕಲಿಸಿದ ಮನುಷ್ಯನಿಗೆ ನಾನು ಮಾಡಿದ ಕೆಲಸ.

ಎರಡು ಸಾವಿರದ ಆಚೀಚಿನ ಮಾತು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಅಲ್ಯುಮಿನಿಯಂ ಕಿಟಕಿ ಬಾಗಿಲು ಮಾಡುವ ಒಂದು ಕಾರ್ಖಾನೆಯ ಪರ್ಚೇಸ್ ವಿಭಾಗದಲ್ಲಿ ನಾನಿದ್ದೆ. ಗಾಳ ಕಲಿಸಿದವರು ಕೆಳಗಿನ ವರ್ಕ್‌ಶಾಪಿನಲ್ಲಿ ವೆಲ್ಡರ್. ಮಲ್ಪೆಯವರು, ನನಗಿಂತ ಹದಿನೈದು ವರ್ಷ ದೊಡ್ಡವರು, ಗಲ್ಫಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಅವರು ನನ್ನನ್ನು ಸಾರ್ ಎನ್ನುತ್ತಿದ್ದರು. ಕಡಲ ದಡದಲ್ಲಿ ಸಿಟ್ಟು ಬಂದಾಗ ಮಾತ್ರ ಮಾರಾಯ್ರೆ ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಯಾವುದೋ ಸಾಮಾನಿನ ಲೆಕ್ಕ ಕೇಳಲು ಕೆಳಗೆ ಹೋದೆ. ಅವರು ಒಂದು ಹಳೆಯ ಡಬ್ಬಿಯಲ್ಲಿ ಸೀಸ ಕರಗಿಸುತ್ತಿದ್ದರು. ಟಯರ್ ಅಂಗಡಿಯವರು ಚಕ್ರದ ತೂಕ ಸರಿದೂಗಿಸಲು ಬಡಿಯುವ ಸೀಸದ ತುಂಡುಗಳಿರುತ್ತವಲ್ಲ, ಕಿತ್ತು ಬಿಸಾಕಿದ ಅಂಥವನ್ನು ಆರಿಸಿ ತಂದಿದ್ದರು. ಎರಡು ಅಲ್ಯುಮಿನಿಯಂ ಗಟ್ಟಿಗಳಲ್ಲಿ ಬಂಗುಡೆ ಮರಿಯ ಅರ್ಧರ್ಧ ಮೈ ಕೊರೆದು ಅಚ್ಚು ಮಾಡಿಕೊಂಡಿದ್ದರು. ನಡುವೆ ಒಂದು ತಂತಿ ಇಟ್ಟು, ಅಚ್ಚು ಮುಚ್ಚಿ, ಸೀಸ ಸುರಿದು, ಆರಿದ ಮೇಲೆ ಬಿಚ್ಚಿದರೆ ಬೆರಳುದ್ದದ ಮೀನು. ಅದಕ್ಕೆ ಅರ ತೀಡಿ ನುಣುಪು ಮಾಡಿ, ಬೆಳ್ಳಿ ಬಣ್ಣ ಬಳಿದು, ಕೊನೆಗೆ ಬೆಂಕಿಕಡ್ಡಿಯ ತುದಿಯಿಂದ ಕೆಂಪು ಕಣ್ಣು ಇಡುತ್ತಿದ್ದರು. ಕೊಕ್ಕೆ ಸಿಕ್ಕಿಸಿದರೆ ಅದೇ ಜಿಗ್, ಮೀನನ್ನು ಮರುಳು ಮಾಡುವ ಸುಳ್ಳು ಮೀನು.

"ಕಣ್ಣು ಬೇಕೇ ಬೇಕು ಸಾರ್. ಕಣ್ಣಿಲ್ಲದ್ದನ್ನು ಅಂಜಲ್ ನಂಬುದಿಲ್ಲ" ಅಂದರು. ಅಂಜಲ್ ಅಂದರೆ ಏನು ಎಂದು ಕೇಳಿದೆ. ಅವರು ನನ್ನನ್ನು ಕರುಣೆಯಿಂದ ನೋಡಿ, ದೊಡ್ಡ ಮೀನು, ಶುಕ್ರವಾರ ಬನ್ನಿ, ತೋರಿಸ್ತೇನೆ ಅಂದರು.

ಹಾಗೆ ಶುರುವಾದದ್ದು. ನಾನು ಅವರ ಲೇಬರ್ ಕ್ಯಾಂಪಿನ ಬಾಗಿಲಿಗೆ ಕಾರು ಒಯ್ಯುತ್ತಿದ್ದೆ, ಅವರು ಫ್ಲಾಸ್ಕಿನಲ್ಲಿ ಚಹಾ ಹಿಡಿದು ನಿಂತಿರುತ್ತಿದ್ದರು. ಕಡಲಿಗೆ ಚಾಚಿದ ಒಂದು ಕಲ್ಲಿನ ಒಡ್ಡಿನ ತುದಿಗೆ ಹೋಗಿ ನಿಲ್ಲುತ್ತಿದ್ದೆವು. ಮೈಸೂರಿನಿಂದ ತಂದು ಪೆಟ್ಟಿಗೆಯಲ್ಲೇ ಕೊಳೆಯುತ್ತಿದ್ದ ನನ್ನ ಸ್ವೆಟರಿಗೆ ಅಲ್ಲಿ ಕೆಲಸ ಸಿಕ್ಕಿತು. ನನ್ನದು ಅಂಗಡಿಯಿಂದ ತಂದ ಹೊಳೆಯುವ ಕೋಲು, ರೀಲು. ಅವರದು ನೀರಿನ ಬಾಟಲಿಗೆ ಸುತ್ತಿದ ದಾರ, ತೋರುಬೆರಳಿಗೆ ಸೈಕಲ್ ಟ್ಯೂಬಿನ ತುಂಡು. ಹತ್ತು ಮೀನಿನಲ್ಲಿ ಒಂಬತ್ತು ಆ ಬಾಟಲಿಗೇ ಬರುತ್ತಿದ್ದವು. ಎಲ್ಲವೂ ಕ್ಯಾಂಪಿನ ಅಡುಗೆಮನೆಗೆ ಹೋಗುತ್ತಿದ್ದವು.

"ಎಳಿಬೇಡಿ ಮಾರಾಯ್ರೆ! ಎತ್ತಿ, ಮತ್ತೆ ಬೀಳ್ಲಿಕ್ಕೆ ಬಿಡಿ. ಮೀನು ಹಿಡಿಯುದು ಅದು ಬೀಳುವಾಗ. ನಿಮ್ಗೆ ಎಂತಕ್ಕೆ ಇಷ್ಟು ಅರ್ಜೆಂಟು?"

ಅವರು ತಮ್ಮ ಬಗ್ಗೆ ಹೆಚ್ಚು ಹೇಳಿಕೊಂಡವರಲ್ಲ. ಹೇಳಿದ್ದರಲ್ಲಿ ಮುಖ್ಯವಾದದ್ದು ಅಪ್ಪನ ಸುದ್ದಿ. ಅಪ್ಪ ತಾಂಡೇಲರು, ಅಂದರೆ ದೋಣಿ ನಡೆಸುವ ಯಜಮಾನ. ಕಡಲಿಗಿಳಿಯುವುದನ್ನು ಬಿಟ್ಟ ಮೇಲೂ ದಡದಲ್ಲಿ ಕೂತು ಬಲೆ ಸರಿಮಾಡುತ್ತ, ಬಂದ ದೋಣಿಗಳನ್ನೆಲ್ಲ ಬೈಯುತ್ತ ಗಟ್ಟಿಯಾಗಿದ್ದರು. ಮಗ ರಜೆಗೆ ಹೋದಾಗಲೆಲ್ಲ ಅವರದು ಒಂದೇ ವಿಚಾರಣೆ. ಸಂಬಳವಲ್ಲ, ಚಿನ್ನವಲ್ಲ. ಆ ಕಡಲು ಹೇಗುಂಟು? ಸೆಳೆತ ಯಾವ ಕಡೆ? ಎಷ್ಟು ಮಾರು ಆಳ? ಎರಡು ಕೈ ಚಾಚಿದರೆ ಆಗುವ ಉದ್ದ ಒಂದು ಮಾರು. ಅವರು ಜೀವಮಾನವೆಲ್ಲ ಕಡಲನ್ನು ಹಾಗೇ ಅಳೆದವರು.

"ಎಂತ ಹೇಳುದು ಸಾರ್? ಕಲ್ಲಿನ ಮೇಲೆ ನಿಂತವನಿಗೆ ಕಡಲು ಗೊತ್ತುಂಟಾ? ಇಪ್ಪತ್ತೆರಡು ವರ್ಷ ಇಲ್ಲಿದ್ದು ಒಂದು ಸಲ ದೋಣಿ ಹತ್ಲಿಲ್ಲ ನಾನು. ಕ್ರೀಕು ದಾಟಿಸುವ ಅಬ್ರಾ ದೋಣಿ ಲೆಕ್ಕಕ್ಕುಂಟಾ? ಕೆಲಸ ಜಾಸ್ತಿ, ಹೋಗ್ಲಿಕ್ಕೆ ಆಗ್ಲಿಲ್ಲ, ಮುಂದಿನ ಸಲ ಹೇಳ್ತೇನೆ ಅಂತ ಹೇಳಿ ಹೇಳಿ ನಾಚಿಕೆ ಆಗ್ತದೆ ಈಗ."

ಆ ಚಳಿಗಾಲ ಅವರ ಕೊನೆಯದು. ಕಣ್ಣು ಮಂಜಾಗುತ್ತಿತ್ತು, ವೆಲ್ಡಿಂಗ್ ಇನ್ನು ಆಗುವುದಿಲ್ಲವೆಂದು ವೀಸಾ ಕ್ಯಾನ್ಸಲ್ ಮಾಡಿಸಲು ಬರೆದುಕೊಟ್ಟಿದ್ದರು. ಮುಂದಿನ ಸಲ ಎನ್ನಲು ಇನ್ನು ಅವರಿಗೆ ಅವಕಾಶವಿರಲಿಲ್ಲ.

ಇಲ್ಲಿ ನಮ್ಮ ಜನರಲ್ ಮ್ಯಾನೇಜರ್ ಸಾಹೇಬರು ಬರುತ್ತಾರೆ. ತಣ್ಣನೆಯ ದೇಶದವರು. ಅವರ ಕೋಣೆಯಲ್ಲಿ ಒಂದು ಫೋಟೋ ಇತ್ತು: ದೊಡ್ಡ ಜಲಾಶಯ, ದಡದಲ್ಲಿ ಹಿಮ, ಉಣ್ಣೆಯ ಟೋಪಿ ಹಾಕಿ ಮೀನು ಎತ್ತಿ ಹಿಡಿದ ಅವರು. ಆ ಮೀನು ಟ್ರೌಟ್. ಜನವರಿಯ ಚಳಿಯಲ್ಲಿ ಉಗುರಿನಷ್ಟು ಸಣ್ಣ ಜಿಗ್ ಕಟ್ಟಿ, ಬೆರಳು ಮರಗಟ್ಟುವವರೆಗೂ ನಿಲ್ಲುತ್ತಿದ್ದರಂತೆ. ನನಗೆ ಜಲಾಶಯ ಎಂದರೆ ಕನ್ನಂಬಾಡಿ, ಅಲ್ಲಿಗೆ ನಾವು ಹೋಗುತ್ತಿದ್ದದ್ದು ಕಾರಂಜಿ ನೋಡಿ ಚುರುಮುರಿ ತಿಂದು ಬರಲು. ಆದರೂ ಅವರು ಯಾರಿಗಾದರೂ ಆ ಕಥೆ ಹೇಳುವಾಗ ನಾನು ಫೈಲು ಹಿಡಿದು ಪಕ್ಕದಲ್ಲಿ ನಿಂತು, ಬಲ್ಲವನ ಹಾಗೆ ತಲೆಯಾಡಿಸುತ್ತಿದ್ದೆ. ಅವರಿಗೆ ಸ್ವಂತ ದೋಣಿಯಿತ್ತು. ನಾಲ್ಕು ವರ್ಷದಲ್ಲಿ ನನ್ನ ಹೆಸರನ್ನು ಅವರು ಒಮ್ಮೆಯೂ ಸರಿಯಾಗಿ ಹೇಳಿರಲಿಲ್ಲ.

ಒಂದು ದಿನ ಅವರು ನನ್ನ ಮೇಜಿನ ಹತ್ತಿರ ಬಂದಾಗ ಪೆನ್ನಿನ ಡಬ್ಬಿಯ ಪಕ್ಕದಲ್ಲಿ ಅಣ್ಣ ಕೊಟ್ಟ ಜಿಗ್ ಬಿದ್ದಿತ್ತು. ಎತ್ತಿಕೊಂಡರು. ತಿರುಗಿಸಿ ನೋಡಿದರು. ಅಂಗೈಯಲ್ಲಿ ತೂಗಿದರು. ಇದನ್ನು ನೀನೇ ಮಾಡಿದೆಯಾ ಎಂದರು.

ನಾನು ಹೌದು ಅನ್ನಲಿಲ್ಲ. ಇಲ್ಲ ಅಂತಲೂ ಅನ್ನಲಿಲ್ಲ. ನಕ್ಕೆ. ಎಷ್ಟೋ ಸಲ ಆ ನಗುವನ್ನು ನೆನೆದು ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸಿದೆ. ಟಯರಿನ ಸೀಸ ಎಂದೆ, ಅಚ್ಚಿನ ವಿಷಯ ಹೇಳಿದೆ, ಕಣ್ಣಿಲ್ಲದ್ದನ್ನು ಅಂಜಲ್ ನಂಬುವುದಿಲ್ಲ ಎಂಬ ಮಾತನ್ನೂ ನನ್ನದೇ ಅನ್ನುವ ಹಾಗೆ ಇಂಗ್ಲಿಷಿಗೆ ತಂದು ಒಪ್ಪಿಸಿದೆ. ಸಾಹೇಬರು ಖುಷಿಯಾಗಿ ನನ್ನ ಹೆಸರು ಹಿಡಿದು ಕರೆದರು, ಅದೂ ಸರಿಯಾಗಿ. ಶುಕ್ರವಾರ ದೋಣಿಗೆ ಬಾ, ಇಂಥವು ಇನ್ನೊಂದು ಹತ್ತು ತಾ ಎಂದರು. ಇಡೀ ಆಫೀಸು ನೋಡುತ್ತಿತ್ತು. ನಾನು ಹಿಗ್ಗಿ ಹೀರೇಕಾಯಿಯಾದೆ.

ಕೆಳಗೆ ಹೋಗಿ ಸಾಹೇಬರಿಗೆ ಜಿಗ್ ಬೇಕಂತೆ ಎಂದಷ್ಟೇ ಹೇಳಿದೆ. ಅಣ್ಣ ಹತ್ತರ ಜಾಗದಲ್ಲಿ ಹನ್ನೆರಡು ಮಾಡಿಕೊಟ್ಟರು. ಎಲ್ಲಕ್ಕೂ ಎಂದಿಗಿಂತ ನೀಟಾಗಿ ಕಣ್ಣು ಬರೆದಿದ್ದರು.

ಆ ಶುಕ್ರವಾರದ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ, ಏಕೆಂದರೆ ನಾನು ಏನನ್ನೂ ನೋಡಲಿಲ್ಲ. ದೋಣಿ ದಡ ಬಿಟ್ಟು ಅರ್ಧ ಗಂಟೆಯಾಗಿರಲಿಲ್ಲ, ಶಮಾಲ್ ಗಾಳಿಗೆ ಅಲೆ ಎದ್ದು ಹೊಟ್ಟೆಯೊಳಗಿದ್ದ ಉಪ್ಪಿಟ್ಟು ಬಾಯಿಗೆ ಬಂತು. ಅಲ್ಲಿಂದ ವಾಪಸಾಗುವವರೆಗೆ ಐಸ್ ಪೆಟ್ಟಿಗೆಗೆ ತಲೆ ಆನಿಸಿ ಬಿದ್ದುಕೊಂಡಿದ್ದೆ. ಕಡಲು ಯಾವ ಬಣ್ಣದಲ್ಲಿತ್ತು ಎಂದು ಕೇಳಿದರೂ ಹೇಳಲಾರೆ. ಸಾಹೇಬರು ಮಾತ್ರ ಅಣ್ಣನ ಜಿಗ್ಗಿಗೆ ಮೂರು ಅಂಜಲ್ ಹಿಡಿದು, ನನ್ನ ಬೆನ್ನು ತಟ್ಟಿ, ಮುಂದಿನ ಸಲ ಮಾತ್ರೆ ತಗೊಂಡು ಬಾ ಎಂದರು.

ಮರುದಿನ ಅಣ್ಣ ವರ್ಕ್‌ಶಾಪಿನ ಬಾಗಿಲಲ್ಲೇ ಕಾದಿದ್ದರು.

"ಹೇಗಿತ್ತು ಸಾರ್? ನಮ್ಮ ಜಿಗ್ಗಿಗೆ ಬಂತಾ?"

"ಮೂರು ಬಂತು ಅಣ್ಣ. ಭಾರಿ ಮಜಾ ಇತ್ತು. ಏನು ಕಡಲು ಅಂತೀರಿ!"

ವಾಂತಿಯ ವಿಷಯ ಬಾಯಿ ಬಿಡಲಿಲ್ಲ. ಅವರ ಎದುರು, ಕಡಲಿನವರ ಎದುರು, ಹೇಗೆ ಹೇಳುವುದು? ಅವರು ಕೈಗವಸು ಬಿಚ್ಚಿ ಮಡಚುತ್ತ, ನೆಲ ನೋಡುತ್ತ ಕೇಳಿದರು. ಇಪ್ಪತ್ತೆರಡು ವರ್ಷದಲ್ಲಿ ಅವರು ಯಾರ ಬಳಿಯಾದರೂ ಏನಾದರೂ ಕೇಳಿದ್ದರೋ ಇಲ್ಲವೋ.

"ಸಾಹೇಬ್ರತ್ರ ಒಮ್ಮೆ ಕೇಳಿ ನೋಡ್ತೀರಾ ಸಾರ್? ನಾನು ಹೋಗುವ ಮುಂಚೆ ಒಂದೇ ಒಂದು ಸಲ. ಗಾಳ ಹಾಕ್ಬೇಕು ಅಂತಿಲ್ಲ. ಒಂದು ಮೂಲೆಯಲ್ಲಿ ಕೂತ್ಕೊಳ್ತೇನೆ. ಒಂದು ಜಿಗ್ ತಳಕ್ಕೆ ಬಿಟ್ಟು ನೋಡಿದ್ರೆ ಸಾಕು. ಅಪ್ಪನಿಗೆ ಹೇಳ್ಬಹುದು."

"ಖಂಡಿತ ಕೇಳ್ತೀನಿ ಅಣ್ಣ. ಅದೇನು ಮಹಾ."

ನಾನು ಕೇಳಬೇಕಾಗಿಯೇ ಬರಲಿಲ್ಲ. ಎರಡು ದಿನ ಬಿಟ್ಟು ಸಾಹೇಬರೇ ಕರೆದರು. ನೀನು ಒಬ್ಬ ವೆಲ್ಡರ್ ಜೊತೆ ಗಾಳ ಹಾಕಲು ಹೋಗುತ್ತೀಯಂತೆ, ಮೀನುಗಾರರ ಮನೆಯವನಂತೆ, ಕೆಲಸ ಬಿಟ್ಟು ಹೋಗುತ್ತಿದ್ದಾನಂತೆ. ಈ ಶುಕ್ರವಾರ ಅವನನ್ನೂ ಕರೆದುಕೊಂಡು ಬಾ, ದೋಣಿಯಲ್ಲಿ ಜಾಗ ಇದೆ ಎಂದರು.

ಇದಕ್ಕಿಂತ ಸುಲಭವಾಗಿ ಒಬ್ಬ ಮನುಷ್ಯನ ಆಸೆ ಕೈಗೂಡುವುದುಂಟೆ? ನಾನು ಆಗಲಿ ಸಾರ್ ಎಂದಿದ್ದರೆ ಮುಗಿದಿತ್ತು. ಆದರೆ ನಾನು ಲೆಕ್ಕ ಹಾಕಿದೆ. ಅಣ್ಣ ದೋಣಿ ಹತ್ತಿದರೆ ಐದು ನಿಮಿಷದಲ್ಲಿ ಜಿಗ್ ಯಾರ ಕೈಯದು ಎಂದು ಗೊತ್ತಾಗುತ್ತದೆ. ಅವರು ಹೇಳಿಕೊಳ್ಳಬೇಕೆಂದೇ ಇಲ್ಲ, ಅವರು ದಾರ ಹಿಡಿಯುವುದನ್ನು ನೋಡಿದರೆ ಸಾಕು. ಆಮೇಲೆ ಸಾಹೇಬರು ನನ್ನ ಮುಖ ನೋಡುತ್ತಾರೆ. ಆ ನೋಟಕ್ಕೆ ಹೆದರಿ ನನ್ನ ಬಾಯಿಗೆ ಬಂದದ್ದು ನನ್ನದೇ ವಾಂತಿಯ ಕಥೆ.

ಅವರಿಗೆ ಕಡಲು ಆಗುವುದಿಲ್ಲ ಸಾರ್ ಎಂದೆ. ದೋಣಿ ಹತ್ತಿದರೆ ನನಗಿಂತ ಕಡೆ, ಅದಕ್ಕೇ ಊರು ಬಿಟ್ಟು ವೆಲ್ಡರ್ ಆದದ್ದು ಎಂದೆ. ಸಾಹೇಬರು ಜೋರಾಗಿ ನಕ್ಕರು. ನಾನೂ ನಕ್ಕೆ.

ಕೆಳಗೆ ಬಂದು ಅಣ್ಣನಿಗೆ, "ಕೇಳ್ದೆ ಅಣ್ಣ. ದೋಣೀಲಿ ಜಾಗ ಇಲ್ವಂತೆ, ಅವರ ಸ್ನೇಹಿತರು ಬರ್ತಾರಂತೆ" ಎಂದೆ.

"ಪರ್ವಾಗಿಲ್ಲ ಸಾರ್. ಕೇಳಿದ್ರಲ್ಲ, ಅದೇ ದೊಡ್ಡದು" ಎಂದರು. ನನ್ನನ್ನು ಸಮಾಧಾನ ಮಾಡುವ ಹಾಗೆ ತೋಳು ಮುಟ್ಟಿದರು. ಆ ಶುಕ್ರವಾರ ಮಗಳಿಗೆ ಜ್ವರ ಎಂದು ನೆಪ ಹೇಳಿ ನಾನೂ ದೋಣಿಗೆ ಹೋಗಲಿಲ್ಲ, ಒಡ್ಡಿಗೂ ಹೋಗಲಿಲ್ಲ.

ಅವರು ಹೊರಡುವ ಎರಡು ದಿನ ಮುಂಚೆ ವರ್ಕ್‌ಶಾಪಿನಲ್ಲಿ ಚಹಾ, ಸಮೋಸ ಇಟ್ಟು ಒಂದು ಸಣ್ಣ ಬೀಳ್ಕೊಡುಗೆ ನಡೆಯಿತು. ಸಾಮಾನ್ಯವಾಗಿ ಇಂಥದ್ದಕ್ಕೆ ಬಾರದ ಸಾಹೇಬರು ಅಂದು ಇಳಿದು ಬಂದರು. ಅಣ್ಣನ ಕೈಕುಲುಕಿ, ಎಲ್ಲರಿಗೂ ಕೇಳುವಂತೆ ಹೇಳಿದರು: ಅವತ್ತು ಶುಕ್ರವಾರ ನನ್ನ ದೋಣಿಯಲ್ಲಿ ನಿನಗೆ ಜಾಗ ಇತ್ತು, ಏನು ಮಾಡುವುದು, ನಿನ್ನ ಹೊಟ್ಟೆ ಕಡಲಿಗೆ ಆಗುವುದಿಲ್ಲವಂತಲ್ಲ!

ಅಣ್ಣನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಇದು ಅರ್ಥವಾಯಿತು. ಅವರು ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಯಾವುದೋ ಕಠಿಣ ಲೆಕ್ಕ ಬಿಡಿಸುವವರ ಹಾಗೆ ಒಂದು ಕ್ಷಣ ನೋಡಿದರು. ನಾನು ಸಮೋಸದ ತಟ್ಟೆಯತ್ತ ಕಣ್ಣು ತಪ್ಪಿಸಿದೆ. ಈಗಲಾದರೂ ಬಾಯಿ ಬಿಡಬಹುದಿತ್ತು. ಒಂದು ಸಮೋಸ ಎತ್ತಿಕೊಂಡೆ.

"ಯೆಸ್ ಸಾರ್" ಎಂದರು ಅಣ್ಣ. "ಬೋಟ್ ನೋ ಗುಡ್ ಫಾರ್ ಮಿ. ಸ್ಟಮಕ್ ಪ್ರಾಬ್ಲಮ್."

ಹಿಂದೆ ನಿಂತಿದ್ದ ಕುಂದಾಪುರದ ಇಬ್ಬರು ಫಿಟ್ಟರುಗಳು ಹೋ ಎಂದು ನಕ್ಕರು. "ಮಲ್ಪೆಯವ್ರಿಗೆ ಕಡಲು ಆಗುದಿಲ್ವಂತೆ ಮಾರಾಯ! ತಾಂಡೇಲ್ರ ಮಗ ಅಂಬ್ರು!" ಕೇರಳದವರು, ಪಂಜಾಬಿನವರು ಏನೆಂದು ಕೇಳಿ ತಿಳಿದುಕೊಂಡು ಅವರೂ ನಕ್ಕರು. ಅಣ್ಣ ಎಲ್ಲರ ಜೊತೆ ತಾವೂ ನಕ್ಕು, ಹೊಟ್ಟೆ ಸವರಿಕೊಂಡು ತೋರಿಸಿದರು. ಇಪ್ಪತ್ತೆರಡು ವರ್ಷ ದುಡಿದ ನಾಡಿನಲ್ಲಿ ಅವರ ಬಗ್ಗೆ ಉಳಿದದ್ದು ಆ ನಗೆ.

ಅಂದು ಸಂಜೆ ಅವರನ್ನು ಕ್ಯಾಂಪಿಗೆ ಬಿಡಲು ನಾನೇ ಕಾರು ತಂದೆ. ಕಂಪನಿ ಕೊಟ್ಟ ಗಡಿಯಾರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಅಣ್ಣ, ನಾನು..." ಎಂದೆ.

"ಬಿಡಿ ಸಾರ್. ನಾನು ನಾಡಿದ್ದು ಹೋಗುವವ. ನೀವು ಇಲ್ಲಿ ಇರುವವರು. ನಾಳೆ ಅವರ ಮುಖ ನೋಡ್ಬೇಕಾದ್ದು ನೀವು."

ಅಷ್ಟೇ. ಏಕೆ ಹಾಗೆ ಹೇಳಿದಿರಿ ಎಂದು ಕೇಳಲಿಲ್ಲ. ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆನೋ ಏನೋ. ಆಮೇಲೆ ಸಹಜವಾದ ದನಿಯಲ್ಲಿ ಕೇಳಿದರು.

"ಒಂದು ಹೇಳಿ ಸಾರ್. ನೀವು ಹೋಗಿದ್ದೀರಲ್ಲ. ಹೊರಗೆ ಜಿಗ್ ಬಿಟ್ರೆ ತಳ ಮುಟ್ಲಿಕ್ಕೆ ಎಷ್ಟು ಮಾರು ಹೋಯ್ತು? ಸೆಳೆತ ಯಾವ ಕಡೆ ಇತ್ತು? ಅಪ್ಪನಿಗೆ ನಾನು ನೋಡಿದ ಹಾಗೇ ಹೇಳ್ತೇನೆ. ನೀವು ನೋಡಿದ್ರೂ ಒಂದೇ, ನಾನು ನೋಡಿದ್ರೂ ಒಂದೇ."

ನನಗೆ ಗೊತ್ತಿಲ್ಲ ಅಣ್ಣ, ನಾನು ವಾಂತಿ ಮಾಡಿಕೊಂಡು ಬಿದ್ದಿದ್ದೆ. ಇಷ್ಟೇ ಹೇಳಬೇಕಿತ್ತು. ಅವರಿಗೆ ನಾನು ಕೊಡಬಹುದಾಗಿದ್ದ ಒಂದೇ ಒಂದು ನಿಜ ಅದು. ಆದರೆ ಏನು ಕಡಲು ಅಂತೀರಿ ಎಂದು ಬೀಗಿದ್ದವನು ನಾನೇ ಅಲ್ಲವೆ? ಅಷ್ಟೆಲ್ಲ ಆದ ಮೇಲೂ ಅವರ ಕಣ್ಣಲ್ಲಿ ಸಣ್ಣವನಾಗಬಾರದು ಎಂಬ ಚಪಲ ಹೋಗಿರಲಿಲ್ಲ.

"ಐವತ್ತು ಮಾರು ಇರ್ಬಹುದು ಅಣ್ಣ" ಎಂದೆ. "ಸೆಳೆತ ಅಂದ್ರೆ ಸೆಳೆತ. ಉತ್ತರಕ್ಕೆ."

"ಐವತ್ತಾ!" ಎಂದರು. ಅವರ ಮುಖ ನಿಜವಾಗಿಯೂ ಅರಳಿತು. "ಅಬ್ಬ. ದಡದಲ್ಲಿ ಇಷ್ಟು ಸಪ್ಪೆ ಕಾಣ್ತದಲ್ಲ. ಐವತ್ತು ಮಾರು, ಬಡಗಕ್ಕೆ ಸೆಳೆತ. ಅಪ್ಪನಿಗೆ ಖುಷಿ ಆಗ್ತದೆ." ಕ್ಯಾಂಪಿನ ಬಾಗಿಲಲ್ಲಿ ಇಳಿಯುವಾಗ ಊರಿನ ಮನೆಯ ಪಕ್ಕದ ಅಂಗಡಿಯ ಫೋನ್ ನಂಬರ್ ಬರೆದುಕೊಟ್ಟು, ಊರಿಗೆ ಬಂದಾಗ ಮನೆಗೆ ಬನ್ನಿ, ನಿಮಗೆ ಬೇರೆ ಪಾತ್ರೆಯಲ್ಲೇ ಅಡುಗೆ ಮಾಡಿಸ್ತೇನೆ ಎಂದರು.

ಅವರು ಹೋದ ಮುಂದಿನ ವಾರ ಮಾತ್ರೆ ನುಂಗಿ ಮತ್ತೆ ಸಾಹೇಬರ ದೋಣಿ ಹತ್ತಿದೆ. ಈ ಸಲ ಕೂತು ನೋಡಿದೆ. ಚುಕ್ಕಾಣಿಯ ಪಕ್ಕ ಒಂದು ಸಣ್ಣ ಪರದೆಯಲ್ಲಿ ನೀರಿನ ಆಳ ಬರುತ್ತಿತ್ತು. ಇಪ್ಪತ್ತು ಮೀಟರ್, ಇಪ್ಪತ್ತೊಂದು ಮೀಟರ್. ಹೋದ ಸಲ ಎಲ್ಲಿ ನಿಂತಿದ್ದೆವು ಸಾರ್ ಎಂದು ಕೇಳಿದೆ. ಇಲ್ಲೇ ಎಂದರು. ಜಿಗ್ ಬಿಟ್ಟು ದಾರ ಎಳೆದುಕೊಂಡು ಕೈ ಚಾಚಿ ಅಳೆದೆ. ಹನ್ನೆರಡು ಮಾರೂ ಪೂರ್ತಿ ಇರಲಿಲ್ಲ.

ಆ ಫೋನ್ ನಂಬರು ನನ್ನ ಡೈರಿಯಲ್ಲಿತ್ತು. ಅಣ್ಣ, ತಪ್ಪು ಹೇಳಿದೆ, ಹನ್ನೆರಡು ಎಂದು ತಿದ್ದಲು ಒಂದು ನಿಮಿಷ ಸಾಕಿತ್ತು. ತಿದ್ದಿದರೆ ಮೊದಲು ಏಕೆ ಗೊತ್ತಿರಲಿಲ್ಲ ಎಂದು ಹೇಳಬೇಕಾಗುತ್ತಿತ್ತು. ಈ ಶುಕ್ರವಾರ, ಮುಂದಿನ ಶುಕ್ರವಾರ ಎಂದು ಚಳಿಗಾಲ ಕಳೆಯಿತು. ಹೆಂಡತಿ ನನ್ನ ಗಾಳದ ಕೋಲನ್ನು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಲು ಬಳಸತೊಡಗಿದಳು.

ಯುಗಾದಿಯ ದಿನ ಅವರೇ ಫೋನ್ ಮಾಡಿದರು. ನಿಮ್ಮ ಕಡೆ ಇವತ್ತಲ್ಲವಾ ಹಬ್ಬ ಎಂದರು. ಹೆಂಡತಿ, ಮಗಳು, ಸಾಹೇಬರು ಎಲ್ಲರನ್ನೂ ವಿಚಾರಿಸಿದರು. ಕಣ್ಣಿಗೆ ಆಪರೇಶನ್ ಆಯಿತಂತೆ, ಪರವಾಗಿಲ್ಲವಂತೆ. ಮಾತು ಮುಗಿಯುತ್ತ ಬಂದಾಗ ನಾನೇ, ಕೇಳಬಾರದು ಎಂದುಕೊಳ್ಳುತ್ತಲೇ ಕೇಳಿದೆ.

"ಅಪ್ಪನಿಗೆ ಹೇಳಿದ್ರಾ ಅಣ್ಣ?"

"ಹೇಳಿದೆ ಸಾರ್. ಬಂದ ದಿನವೇ ಹೇಳಿದೆ. ಐವತ್ತು ಮಾರು, ನಾನೇ ಜಿಗ್ ಬಿಟ್ಟು ನೋಡಿದೆ ಅಂದೆ. ಅಪ್ಪ ನನ್ನ ಮುಖ ನೋಡಿದ್ರು. ಐವತ್ತಾ ಅಂತ ಒಂದೇ ಮಾತು ಕೇಳಿ, ಬಲೆ ಸರಿಮಾಡ್ಲಿಕ್ಕೆ ಕೂತ್ರು. ಅದರ ಮೇಲೆ ಆ ಕಡಲಿನ ಸುದ್ದಿಯೇ ಕೇಳುದಿಲ್ಲ ಈಗ."

"ಓ, ಹೌದಾ" ಎಂದೆ ನಾನು.